ಚಹಾದ ನೀರ್ಗಲ್ಲು

ಹೊರಗೆ ಸೊನ್ನೆಗಿಂತ ನಲವತ್ತೇಳು ಕೆಳಗೆ.
ಒಳಗೆ, ಪೈಪುಗಳ ಕೃಪೆ, ಇಪ್ಪತ್ತಾರು ಮೇಲೆ.
ಯಾಕುತ್ಸ್ಕಿನ ಈ ಐದನೇ ಮಹಡಿಯಲ್ಲಿ
ಗಾಳಿ ಒಣರೊಟ್ಟಿಯಂತೆ ಮುರಿಯುತ್ತದೆ.
ಸ್ವೆಟರ್ ಕಳಚಿದರೆ ಕತ್ತಲಲ್ಲಿ ಕಿಡಿ.
ಬೆಕ್ಕನ್ನು ಮುಟ್ಟಿದರೆ
ಬೆಕ್ಕೂ ಬೈಯುತ್ತದೆ, ನಾನೂ ಬೈಯುತ್ತೇನೆ.
ಬೆಳಿಗ್ಗೆ ಐಸೆನ್‌ನ ದಿಂಬಿನ ಮೇಲೆ
ಕಾಡುಹಣ್ಣು ಹಿಸುಕಿದಂತೆ ಎರಡು ಹನಿ ರಕ್ತ.
"ಮೂಗು ಮತ್ತೆ ಸೋರಿತಮ್ಮಾ" ಎನ್ನುತ್ತಾನೆ,
ನಲ್ಲಿಯ ಮೇಲೆ ದೂರು ಹೇಳುವವನ ಹಾಗೆ.

ಮೊದಲು ರೇಡಿಯೇಟರಿನ ಮೇಲೆ ಒದ್ದೆ ಟವೆಲು ಹರವಿದೆ.
ಗಂಟೆಯೊಳಗೆ ಅದು ಒಣಮೀನು.
ಆಮೇಲೆ, ಗಂಡ ಗಣಿಯಿಂದ ಕಳಿಸಿದ ಬೋನಸ್ಸಿನಲ್ಲಿ,
ಬಂತು ಹ್ಯುಮಿಡಿಫೈಯರ್:
ಬಿಳಿ ಹೊಟ್ಟೆ, ನೀಲಿ ಕಣ್ಣು,
ಮೂತಿಯಿಂದ ಹೊಗೆಯಲ್ಲದ ಹೊಗೆ.
ನಲ್ಲಿ ನೀರು ಕುಡಿಸಿದೆ.
ವಾರ ಕಳೆಯುವಷ್ಟರಲ್ಲಿ
ಟಿವಿಗೆ ಬಿಳಿ, ಕರಿಯ ಕಪಾಟಿಗೆ ಬಿಳಿ,
ಹಿಟ್ಟಿನ ಡಬ್ಬಿಗೆ ಮೂತಿ ಹಾಕಿದಂತೆ ಬೆಕ್ಕಿನ ಮೀಸೆಗೂ ಬಿಳಿ.
ನೀರು ಹಾರಿತ್ತು, ಸುಣ್ಣ ಇಳಿದಿತ್ತು.

ಕೈಪಿಡಿಯನ್ನು ಆಗ ಓದಿದೆ.
(ಎಲ್ಲರೂ ಆಗಲೇ ಓದುವುದು.)
ತಳದಲ್ಲೊಂದು ಪುಟ್ಟ ತಟ್ಟೆ, ನಾಣ್ಯದಗಲ;
ಅದರ ನಡುಕವೇ ಮಂಜು.
ಅದಕ್ಕೆ ಕಟ್ಟಿದ ಸುಣ್ಣವನ್ನು
ಓದುವ ಮೊದಲೇ ನಾನು
ಆಲೂಗಡ್ಡೆಯ ಚಾಕುವಿನಿಂದ ಕೆರೆದಾಗಿತ್ತು.
ರಿಪೇರಿಯವ ಬೇರೆ ತಟ್ಟೆ ಕೂರಿಸಿ ಹೇಳಿದ:
"ಇದು ಕಿವಿಯ ತಮಟೆ ಇದ್ದ ಹಾಗೆ ತಂಗಿ.
ಚಾಕು ತೋರಿಸಲೂಬಾರದು."

ಈಗ ಶನಿವಾರ ಶನಿವಾರ ನಿಂಬೆಹುಳಿಯ ಪುಡಿ,
ಒಂದು ಚಮಚ, ಉಗುರುಬೆಚ್ಚಗಿನ ನೀರು, ಅರ್ಧ ಗಂಟೆ.
ಸುಣ್ಣ ಸಣ್ಣಗೆ ಬುಸುಗುಡುತ್ತ ಬಿಡುತ್ತದೆ.
ಹತ್ತಿಕಡ್ಡಿಯಿಂದ ಸವರಿ, ಎರಡು ಸಲ ತೊಳೆದು,
ಮೂಸಿ ನೋಡುತ್ತೇನೆ:
ಹಳೆಯ ಹೂದಾನಿಯ ವಾಸನೆ ಬಂದರೆ ಮತ್ತೆ ತೊಳೆ.
ನಿನ್ನೆಯ ನೀರನ್ನು ಇವತ್ತಿಗೆ ಇಡಬೇಡ.
ಇದನ್ನು ಕೈಪಿಡಿಯೂ ಹೇಳುತ್ತದೆ, ಅತ್ತೆಯೂ ಹೇಳುತ್ತಾರೆ,
ಇಬ್ಬರದೂ ಒಂದೇ ಸಿಡುಕು.

ಅತ್ತೆ ಮಾರ್ಫಾ. ಅವರ ರಾಜ್ಯ ಬಾಲ್ಕನಿ.
ಅಲ್ಲಿ, ನವೆಂಬರಿನಲ್ಲಿ ಕೆರೆಯಿಂದ ಕೊಯ್ದು ತಂದ ನೀರ್ಗಲ್ಲು:
ಗೋಣಿ ಹೊದ್ದು ಕೂತ ಎಂಟು ಗಡ್ಡೆ,
ಸಂದಿಯಿಂದ ಇಣುಕುವ ನೀಲಿ.
ಚಹಾಕ್ಕೆ ಮಾತ್ರ. ಸೂಪಿಗೂ ಇಲ್ಲ.
ನೆಂಟರು ಬಂದರೆ, ಅದೂ ದೂರದವರಾದರೆ,
ಕೊಡಲಿಯ ಬೆನ್ನಿನಿಂದ ತಟ್ಟಿ ಒಂದು ಚೂರು.

ಕದ್ದೆ. ಹೌದು.
ಒಂದು ಬೋಗುಣಿಯಷ್ಟು.
ಕರಗಿಸಿ, ಬಟ್ಟೆಯಲ್ಲಿ ಸೋಸಿ,
ಕಾಯಿಸಿ, ಆರಿಸಿ, ಯಂತ್ರಕ್ಕೆ ಹೊಯ್ದೆ.
ಮತ್ತೆ ಕದ್ದೆ.
ಮೂರು ದಿನ ಕಪಾಟು ಕರಿಯಾಗಿಯೇ ಉಳಿಯಿತು,
ದಿಂಬು ಬಿಳಿಯಾಗಿಯೇ.

ನಾಲ್ಕನೇ ದಿನ ಅತ್ತೆ ಗೋಣಿ ಎತ್ತಿ ಎಣಿಸಿದರು.
"ಡಬ್ಬಿಗೆ ಚಹಾದ ನೀರು!
ನಾಳೆಯಿಂದ ಅದಕ್ಕೊಂದು ಕಪ್ಪು-ಬಸಿಯೂ ಇಡು ಕ್ಯುನ್ನೆಯ್,
ಸಕ್ಕರೆ ಎಷ್ಟೆಂದು ಕೇಳು."
ಏನನ್ನಲಿ? ದಿಂಬಿನ ಕವರು ತಂದು ಕೊಟ್ಟೆ.
ಬೆಳಕಿಗೆ ಹಿಡಿದರು, ತಿರುವಿ ಹಾಕಿದರು,
ಅಂಗಡಿಯಲ್ಲಿ ಬಟ್ಟೆಯ ಪೋಲು ಹುಡುಕುವ ಹಾಗೆ
ಬೆರಳಿನಿಂದ ಇಂಚು ಇಂಚು ತಡವಿದರು.
ಮಾತಾಡದೆ ಒಲೆಯ ಮೇಲೆ ಕೆಟಲಿಟ್ಟರು.

ಕಿಟಕಿಯ ಕೆಳಮೂಲೆಯಲ್ಲಿ, ಗಾಜಿನ ಒಳಮೈಗೆ,
ನಮ್ಮ ಮಂಜೆಲ್ಲ ಹೋಗಿ ಹೆಪ್ಪುಗಟ್ಟಿತ್ತು,
ಅಂಗೈ ದಪ್ಪ, ಗರಿಗರಿಯಾಗಿ.
ಐಸೆನ್ ಅದರ ಮೇಲೆ ಉಗುರಿನಿಂದ ಮೀನು ಬರೆಯುತ್ತಿದ್ದ.
"ನೋಡು, ಮತ್ತೆ ಕೆರೆಯಾಗಿಬಿಟ್ಟಿದೆ" ಎಂದರು ಅತ್ತೆ,
ಕಪ್ಪಿನಿಂದ ತುಟಿ ತೆಗೆಯದೆ;
ತಕ್ಷಣವೇ, "ಚೌಕಟ್ಟು ಕೊಳೆಯುತ್ತೆ, ಸಣ್ಣ ಮಾಡು ಅದನ್ನ."
ಗುಂಡಿ ತಿರುಗಿಸಿದೆ,
ಐವತ್ತರಿಂದ ಮೂವತ್ತಕ್ಕೆ.
ಮೂತಿಯ ಹೊಗೆ ತೆಳುವಾಯಿತು,
ಮೀನು ಅಲ್ಲೇ ಇತ್ತು.

ಬಾಲ್ಕನಿಯ ಗೋಡೆಯಲ್ಲಿ ಈಗ
ಸೀಮೆಸುಣ್ಣದ ಲೆಕ್ಕ, ಅತ್ತೆಯ ಓರೆ ಅಕ್ಷರ:
ಉಳಿದದ್ದು ಆರು.
ಚಹಾಕ್ಕೆ ನಾಲ್ಕು, ಮೂಗಿಗೆ ಎರಡು.
ಅಳಿಸಿ ಬರೆದದ್ದು ಕಾಣುತ್ತದೆ;
ಮೊದಲು ಅಲ್ಲಿ ಐದು, ಒಂದು ಇತ್ತು.